ಮೂರು ದಿನ ಬರಬೇಡ ಎಂದರೆ ಹುಡುಗ ಎಲ್ಲಿಗೆ ಹೋಗುತ್ತಾನೆ?

ನನ್ನ ತಮ್ಮ ಒಂಬತ್ತನೇ ತರಗತಿ. ಕಳೆದ ಆಗಸ್ಟ್‌ನಲ್ಲಿ ಸಹಪಾಠಿಯೊಬ್ಬನ ಮೂಗಿಗೆ ಗುದ್ದಿ ರಕ್ತ ಬರಿಸಿದ. ಅದು ಆ ತಿಂಗಳ ಮೂರನೇ ಜಗಳ. ಮೂರು ದಿನ ಬರಬೇಡ ಎಂದು ಶಾಲೆಯವರು ಮನೆಗೆ ಕಳಿಸಿದರು. ಎಮ್ಮಿಗನೂರಿನ ಸುತ್ತ ಆಗ ಭತ್ತದ ನಾಟಿ ನಡೆದಿತ್ತು. ಅವನು ಮಾಮೂ ಜೊತೆ ಸಸಿ ಕಟ್ಟು ಹೊರಲು ಹೋದ. ಮೂರನೇ ದಿನ ಸಂಜೆ ಕೂಲಿ ಹಣವನ್ನು ಅಮ್ಮಿಯ ಕೈಗಿಟ್ಟು, "ಇನ್ನು ಶಾಲೆಗೆ ಹೋಗಲ್ಲ" ಎಂದ.

ಅವನು ಮಾಡಿದ್ದು ತಪ್ಪು. ಪೆಟ್ಟು ತಿಂದ ಹುಡುಗನಿಗೂ ಹೆದರಿಕೆಯಿಲ್ಲದೆ ಕಲಿಯುವ ಹಕ್ಕಿದೆ. ನಾನೇ ಅವನ ಮನೆಗೆ ತಮ್ಮನನ್ನು ಕರೆದೊಯ್ದು ಕ್ಷಮೆ ಕೇಳಿಸಿದೆ. ಆದರೆ ಚಿಕ್ಕವನಿದ್ದಾಗ ಯಾರ ತಂಟೆಗೂ ಹೋಗದವನು ಹೀಗೇಕಾದ?

ಏಳನೇ ತರಗತಿವರೆಗೆ ಅವನು ಓದಿದ್ದು ಉರ್ದು ಮಾಧ್ಯಮದಲ್ಲಿ. ಎಂಟಕ್ಕೆ ಕನ್ನಡ ಮಾಧ್ಯಮ. ಅವನು ಕಲಿತಿದ್ದ 'ಮುಸಲ್ಲಸ್' ಇಲ್ಲಿ 'ತ್ರಿಭುಜ'ವಾಗಿತ್ತು. ಓಣಿಯಲ್ಲಿ ಕನ್ನಡ ಸಲೀಸಾಗಿ ಮಾತಾಡುವವನಿಗೆ ಪುಸ್ತಕದ ಕನ್ನಡ ತಿಳಿಯಲಿಲ್ಲ. ನಗುತ್ತಾರೆಂದು ಯಾರನ್ನೂ ಕೇಳಲಿಲ್ಲ. ಹಿಂದಿನ ಬೆಂಚಿಗೆ ಹೋದ. ಓದಿನಲ್ಲಿ ಸಿಗದ ಹೆಸರು ಜಗಳದಲ್ಲಿ ಸಿಕ್ಕಿತು. ನಾನೂ ಅದೇ ದಾರಿಯಲ್ಲಿ ಬಂದವಳು. ನಾನು ಯಾರನ್ನೂ ಹೊಡೆಯಲಿಲ್ಲ, ಸುಮ್ಮನೆ ಕೂತೆ. ಅದಕ್ಕೇ ನನ್ನ ಕಷ್ಟವೂ ಯಾರಿಗೂ ಕಾಣಲಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಕಲಿಕೆಯಲ್ಲಿ ಹಿಂದುಳಿದವರಿಗೆ ಹೆಚ್ಚುವರಿ ಪಾಠ ಹೇಳುವುದು ಶಿಕ್ಷಕರ ಕರ್ತವ್ಯವೆಂದೂ ಅದರಲ್ಲಿದೆ. ಆದರೆ ಆ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ಒಂಬತ್ತಕ್ಕೆ ಬಂದವನಿಗೆ ಆ ರಕ್ಷಣೆ ಇಲ್ಲ. ಗದ್ದೆಯಲ್ಲಿ ಕೂಲಿ ಸಿಗುವ ವಯಸ್ಸೂ ಅದೇ.

ಜಗಳವಾಡಿದವನಿಗೆ ಶಿಕ್ಷೆ ಬೇಡ ಎನ್ನುತ್ತಿಲ್ಲ. ಮನೆಗೆ ಕಳಿಸುವ ಬದಲು ಶಾಲೆಯಲ್ಲೇ ಒಂದು ಗಂಟೆ ಹೆಚ್ಚು ಕೂರಿಸಿ, ಪಾಠ ಎಲ್ಲಿ ತಪ್ಪಿತು ಎಂದು ಕೇಳಲಿ. ಪಾಠದಿಂದ ದೂರವಾದವನನ್ನು ಶಾಲೆಯಿಂದಲೂ ದೂರ ಮಾಡಿದರೆ ಸಿಟ್ಟು ಇಳಿಯುವುದಿಲ್ಲ.

ಅಮ್ಮಿ ಅತ್ತದ್ದಕ್ಕೆ ತಮ್ಮ ಹತ್ತು ದಿನಗಳ ನಂತರ ಶಾಲೆಗೆ ಮರಳಿದ. ಈಗ ರಾತ್ರಿ ಗಣಿತದ ಪದಗಳನ್ನು ಎರಡೂ ಭಾಷೆಯಲ್ಲಿ ಬರೆದುಕೊಡುತ್ತೇನೆ. ಜಗಳ ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ.

ನಮ್ಮ ಕಾಲೇಜಿನಲ್ಲಿ ಎರಡೂ ಭಾಷೆ ಬಲ್ಲವರು ಬಹಳ ಜನ ಇದ್ದೇವೆ. ಶನಿವಾರ ಮಧ್ಯಾಹ್ನ ಒಂದು ಕೊಠಡಿ ಕೊಟ್ಟರೆ ಇಂಥ ಹೈಸ್ಕೂಲ್ ಮಕ್ಕಳಿಗೆ ನಾವೇ ಪಾಠ ಹೇಳಬಹುದು. ಪ್ರಾಚಾರ್ಯರಲ್ಲಿ ಇದು ನನ್ನ ವಿನಂತಿ. ನಾನಂತೂ ಬರುತ್ತೇನೆ. ನೀವು ಯಾರ್ಯಾರು ಬರುತ್ತೀರಿ?

– ವಿದ್ಯಾರ್ಥಿನಿ, ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ