ಗೋಲು ಆ ಕಡೆ, ಚೆಂಡು ಈ ಕಡೆ

ಫುಟ್‌ಬಾಲ್ ಪಂದ್ಯ 90 ನಿಮಿಷಕ್ಕೆ ಮುಗಿಯುತ್ತದೆ. ಅದರ ಚರ್ಚೆ ಮಾತ್ರ ಅಷ್ಟು ಬೇಗ ಮುಗಿಯುವುದಿಲ್ಲ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಪಂದ್ಯ ನೋಡಿ ಕಾರ್ಪೊರೇಷನ್ ವೃತ್ತದ ಕಡೆಗೆ ಬಸ್ಸಿಗೆಂದು ನಡೆಯುವ ಜನರ ಹಿಂದೆ ಒಮ್ಮೆ ಸುಮ್ಮನೆ ಹೋಗಿ ನೋಡಿ. “ಎಷ್ಟು ಚೆನ್ನಾಗಿ ಪಾಸ್ ಕೊಟ್ಟರು!” ಎಂದು ಒಬ್ಬರು ಹೇಳಿದರೆ, “ಪಾಸ್ ಕೊಟ್ಟು ಕೊಟ್ಟು ನಮ್ಮನ್ನ ಮಲಗಿಸಿಬಿಟ್ರು” ಎಂದು ಪಕ್ಕದವರು ಗೊಣಗುತ್ತಾರೆ. ಇಬ್ಬರೂ ನೋಡಿದ್ದು ಒಂದೇ ಪಂದ್ಯ, ಇಬ್ಬರೂ ತೊಟ್ಟಿರುವುದು ಒಂದೇ ನೀಲಿ ಅಂಗಿ. ತಂಡಕ್ಕೆ ಹೊಸ ಕೋಚ್ ಬಂದ ವರ್ಷವಂತೂ ಕೇಳುವುದೇ ಬೇಡ, ಜಗಳ ಮನೆಯವರೆಗೂ ಬರುತ್ತದೆ.

ನಮ್ಮ ಮನೆಗೂ ಬಂದಿತ್ತು. ಜಗಳವಾಡಿದವರು ನಮ್ಮ ಮಾವನವರು ಮತ್ತು ನನ್ನ ಮಗಳು, ಅಂದರೆ ತಾತ ಮತ್ತು ಮೊಮ್ಮಗಳು. ಅವರ ಜಗಳವನ್ನು ಹೇಳುವ ಮೊದಲು ತಂಡದ ಕಥೆಯನ್ನು ಸ್ವಲ್ಪ ಹೇಳಬೇಕು.

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ಕೋಚ್ ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್. ಹೊಸ ತಂಡ ಕಣ್ಣು ಬಿಡುವುದಕ್ಕೇ ಎರಡು ಮೂರು ವರ್ಷ ಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಮರುವರ್ಷ ಫೆಡರೇಷನ್ ಕಪ್ ಬಂತು. 2015-16ರಲ್ಲಿ ಮತ್ತೆ ಐ-ಲೀಗ್. ಮೂರು ವರ್ಷಕ್ಕೆ ಮೂರು ಕಪ್ಪು! ವೆಸ್ಟ್‌ವುಡ್ ಕಾಲದ ಆಟ ಗಟ್ಟಿಮುಟ್ಟಾದದ್ದು. ಆಟಗಾರರು ದಣಿಯುತ್ತಿರಲಿಲ್ಲ. ಚೆಂಡನ್ನು ತಡಮಾಡದೆ ಮುಂದಕ್ಕೆ ಕಳಿಸುತ್ತಿದ್ದರು. ಕಾರ್ನರ್, ಫ್ರೀ ಕಿಕ್ ಸಿಕ್ಕಿತೆಂದರೆ ಎತ್ತರದ ಡಿಫೆಂಡರುಗಳೂ ಎದುರಾಳಿಯ ಗೋಲಿನ ಮುಂದೆ ಹೋಗಿ ನಿಲ್ಲುತ್ತಿದ್ದರು.

2016ರಲ್ಲಿ ವೆಸ್ಟ್‌ವುಡ್ ಹೋದರು. ಜುಲೈನಲ್ಲಿ ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. ಫ್ರಾಂಕ್ ರೈಕಾರ್ಡ್ ಬಾರ್ಸಿಲೋನಾ ತಂಡಕ್ಕೆ ಕೋಚ್ ಆಗಿದ್ದಾಗ ಅವರ ಸಹಾಯಕರ ಬಳಗದಲ್ಲಿ ಇದ್ದವರು ಇವರು. ಅವರ ಆಟದ ದಾರಿಯೇ ಬೇರೆ. ಚೆಂಡು ನಮ್ಮ ಕಾಲಲ್ಲೇ ಇರಬೇಕು. ಗೋಲ್‌ಕೀಪರ್ ಕೂಡ ಸುಮ್ಮನೆ ಎತ್ತಿ ಒದೆಯಬಾರದು, ಹತ್ತಿರದ ಡಿಫೆಂಡರ್‌ಗೆ ಕೊಡಬೇಕು. ಅವನು ಮಿಡ್‌ಫೀಲ್ಡರ್‌ಗೆ ಕೊಡಬೇಕು. ಹೀಗೆ ಹಿಂದಿನಿಂದ ಒಂದೊಂದೇ ಪಾಸ್ ಪೋಣಿಸಿಕೊಂಡು ಮುಂದಕ್ಕೆ ಹೋಗಬೇಕು.

ಮಕ್ಕಳೇ, ಈ ಎರಡು ದಾರಿಗಳಲ್ಲಿ ಯಾವುದು ಸರಿ? ಉತ್ತರ ಹೇಳುವ ಮೊದಲು ಎರಡರಲ್ಲೂ ಇರುವ ಅಪಾಯ ತಿಳಿದುಕೊಳ್ಳಿ.

ಉದ್ದಕ್ಕೆ ಒದ್ದರೆ ಚೆಂಡು ನಮ್ಮ ಗೋಲಿನಿಂದ ದೂರ ಹೋಗುತ್ತದೆ, ತಕ್ಷಣಕ್ಕೆ ಭಯವಿಲ್ಲ. ಆದರೆ ಆ ಚೆಂಡು ನಮ್ಮವರಿಗೇ ಸಿಗುತ್ತದೆಂಬ ಖಾತರಿಯೂ ಇಲ್ಲ. ಎದುರಾಳಿಗೆ ಸಿಕ್ಕರೆ ಮತ್ತೆ ನಾವು ಅದರ ಹಿಂದೆ ಓಡಬೇಕು. ಸಣ್ಣ ಪಾಸ್ ಕೊಟ್ಟರೆ ಚೆಂಡು ನಮ್ಮಲ್ಲೇ ಉಳಿಯುತ್ತದೆ. ಅದನ್ನು ಕಿತ್ತುಕೊಳ್ಳಲು ಎದುರಾಳಿಗಳು ಮುಂದೆ ಮುಂದೆ ಬಂದಾಗ ಅವರ ಬೆನ್ನ ಹಿಂದೆ ಜಾಗ ತೆರೆಯುತ್ತದೆ. ಆದರೆ ಒಂದೇ ಒಂದು ಪಾಸ್ ತಪ್ಪಿದರೂ ಚೆಂಡು ನಮ್ಮ ಗೋಲಿನ ಬಾಗಿಲಲ್ಲೇ ಎದುರಾಳಿಯ ಕಾಲಿಗೆ ಸಿಗುತ್ತದೆ. ಹಾಗಾಗಿ ಅಪಾಯವಿಲ್ಲದ ಆಟ ಎನ್ನುವುದು ಇಲ್ಲ. ಯಾವ ಅಪಾಯವನ್ನು ಒಪ್ಪಿಕೊಳ್ಳಬೇಕು ಎಂದು ಕೋಚ್ ಆರಿಸಿಕೊಳ್ಳುತ್ತಾರೆ, ಅಷ್ಟೇ.

ಮೊದಮೊದಲು ರೋಕಾ ಅವರ ದಾರಿ ಎಲ್ಲರಿಗೂ ಹಿಡಿಸಿತು. ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಎದುರಾದದ್ದು ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಝಿಮ್. ಅವರ ಊರಲ್ಲಿ 1-1. ಅಕ್ಟೋಬರ್ 19ರಂದು ಕಂಠೀರವದಲ್ಲಿ ಮೊದಲು ಗೋಲು ಬಿಟ್ಟುಕೊಟ್ಟ ನಮ್ಮವರು, ಆಮೇಲೆ ಸುನಿಲ್ ಛೆಟ್ರಿ ಎರಡು, ಹುವಾನಾನ್ ಒಂದು ಹೊಡೆದು 3-1ರಿಂದ ಗೆದ್ದರು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಎಎಫ್‌ಸಿ ಕಪ್ ಫೈನಲ್ ತಲುಪಿರಲಿಲ್ಲ. ನವೆಂಬರ್ 5ರಂದು ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ವಾಯುಪಡೆಯ ತಂಡದ ಎದುರು 0-1ರಿಂದ ಸೋತದ್ದು ಬೇರೆ ಮಾತು. ಸೋತರೂ ಊರೆಲ್ಲ ಹೆಮ್ಮೆಪಟ್ಟಿತು.

ಕಷ್ಟ ಶುರುವಾದದ್ದು 2017ರ ಐ-ಲೀಗ್‌ನಲ್ಲಿ. ಆರಂಭ ಚೆನ್ನಾಗಿತ್ತು. ಆಮೇಲೆ ವಾರಗಟ್ಟಲೆ ಗೆಲುವೇ ಇಲ್ಲ. ಚಾಂಪಿಯನ್ ಆಗಿದ್ದ ತಂಡ ಕೊನೆಗೆ ನಾಲ್ಕನೇ ಸ್ಥಾನಕ್ಕಿಳಿಯಿತು. ಮಿಜೋರಾಂನ ಪುಟ್ಟ ತಂಡ ಐಜ್ವಾಲ್ ಕಪ್ ಎತ್ತಿತು.

ಆ ಚಳಿಗಾಲದಲ್ಲೇ ನಮ್ಮ ಮನೆಯ ಜಗಳ. ಮಾವನವರು ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು. ಅಲ್ಲಿಯ ವಿಭಾಗಗಳ ನಡುವಿನ ಪಂದ್ಯಗಳಲ್ಲಿ ಫುಲ್‌ಬ್ಯಾಕ್ ಆಗಿ ಆಡಿದವರು. ಮಗಳು ಆಗ ನಾಲ್ಕನೇ ತರಗತಿ. ಶಾಲೆಯ ಮೈದಾನದಲ್ಲಿ ಹುಡುಗರ ಜೊತೆ ಸೇರಿ ಆಡುತ್ತಿದ್ದಳು. ಇಬ್ಬರೂ ಒಂದೂ ಪಂದ್ಯ ಬಿಡದೆ ಕಂಠೀರವಕ್ಕೆ ಹೋಗುತ್ತಿದ್ದರು. ಟಿಕೆಟ್ ತರುವುದು ಮತ್ತು ಚಿತ್ರಾನ್ನದ ಡಬ್ಬಿ ಹಿಡಿದು ಜೊತೆಗೆ ಹೋಗುವುದು ನನ್ನ ಕೆಲಸ.

“ಏನ್ ಪುಟ್ಟಿ ಇದು? ಗೋಲ್ ಇರೋದು ಆ ಕಡೆ, ಇವರು ಚೆಂಡನ್ನ ಈ ಕಡೆ ಆಡಿಸ್ತಾ ಕೂತಿದಾರೆ. ಎತ್ತಿ ಒದೆಯೋಕೇನು ಕಾಲ್ ನೋವಾ?” ಎಂದು ತಾತ ರೇಗುತ್ತಿದ್ದರು.

“ತಾತ, ಒದ್ರೆ ಚೆಂಡು ಅವರಿಗೇ ಹೋಗುತ್ತೆ. ಸ್ವಲ್ಪ ಕಾಯಿರಿ, ಜಾಗ ಸಿಗುತ್ತೆ.”

“ಕಾದು ಕಾದು ನಾಲ್ಕನೇ ಸ್ಥಾನಕ್ಕೆ ಬಂದ್ವಿ. ಇದು ನಮ್ಮ ಊರಿನ ಆಟವೇ ಅಲ್ಲ.”

ಒಂದು ದಿನ ಅವಳು ಸಿಟ್ಟಿನಲ್ಲಿ, “ನಿಮಗೆ ಯಾವಾಗಲೂ ಹಳೇದೇ ಬೇಕು ತಾತ” ಎಂದುಬಿಟ್ಟಳು. ಮಾವನವರು ಉತ್ತರ ಕೊಡಲಿಲ್ಲ. ಮುಂದಿನ ಪಂದ್ಯದ ದಿನ ಮಂಡಿ ನೋವು ಎಂದು ಹೇಳಿ ಮನೆಯಲ್ಲೇ ಉಳಿದರು. ಅದರ ಮುಂದಿನ ಪಂದ್ಯಕ್ಕೂ ಬರಲಿಲ್ಲ. ಎರಡನೇ ಸಲ ನಮ್ಮಿಬ್ಬರ ನಡುವಿನ ಖಾಲಿ ಕುರ್ಚಿಯ ಮೇಲೆ ಮಗಳು ತನ್ನ ಚೀಲ ಇಟ್ಟುಕೊಂಡು ಕೂತಿದ್ದಳು. ಪಶ್ಚಿಮದ ಸ್ಟ್ಯಾಂಡಿನಲ್ಲಿ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿಗಳು ಎಂದಿನಂತೆ ನಿಂತು ಹಾಡುತ್ತಿದ್ದರು. ಇವಳು ಮಾತ್ರ ಒಂದು ಸಲವೂ ಎದ್ದು ನಿಲ್ಲಲಿಲ್ಲ.

ಮನೆಗೆ ಬಂದವಳೇ ತಾತನ ಪಕ್ಕ ಕೂತು ಕೇಳಿದಳು: “ನಿಮ್ಮ ಕಾರ್ಖಾನೇಲಿ ಹೊಸ ಮೆಷಿನ್ ಬಂದಾಗ ಏನು ಮಾಡ್ತಿದ್ರಿ?”

ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಮೊದಲ ತಿಂಗಳು ಮಾಲು ಕೆಟ್ಟು ಬರ್ತಿತ್ತು. ಕೆಟ್ಟಿದ್ದಕ್ಕೆ ಮೆಷಿನ್ ಕಾರಣವೋ, ಕೈ ಪಳಗದೇ ಇರೋದು ಕಾರಣವೋ ಅಂತ ನೋಡೋದೇ ನಮ್ಮ ಕೆಲಸ. ಮಾಲು ಚೆನ್ನಾಗಿ ಬಂದ ದಿನವೂ ಗೇಜು ಹಾಕದೆ ಬಿಡ್ತಿರಲಿಲ್ಲ.”

“ಹಾಗಾದ್ರೆ ಪಂದ್ಯಕ್ಕೂ ಗೇಜು ಹಾಕೋಣ.”

ಅವತ್ತೇ ಒಂದು ನೂರು ಪುಟದ ನೋಟುಬುಕ್ಕು ಬಂತು. ನಿಯಮ ಹಾಕಿದವರು ಮಾವನವರು: ತಂಡ ಗೆದ್ದ ದಿನ ಇಬ್ಬರೂ ಒಂದೊಂದು ದೋಷ ಬರೆಯಬೇಕು, ಸೋತ ದಿನ ಒಂದೊಂದು ಗುಣ ಬರೆಯಬೇಕು. ಮಗಳು ಇನ್ನೊಂದು ನಿಯಮ ಸೇರಿಸಿದಳು: ಆಟದ ಬಗ್ಗೆ ಮಾತ್ರ ಬರೆಯಬೇಕು, ಒಬ್ಬರ ವಯಸ್ಸಿನ ಬಗ್ಗೆ ಇನ್ನೊಬ್ಬರು ಬರೆಯಬಾರದು. ಮಾವನವರ ಮಂಡಿ ನೋವು ಆ ವಾರವೇ ವಾಸಿಯಾಯಿತು.

‘ನಮ್ಮ ಊರಿನ ಆಟವಲ್ಲ’ ಎಂಬ ಮಾತಿಗೂ ಗೇಜು ಬಿತ್ತು. ಈಸ್ಟ್ ಬೆಂಗಾಲ್ ತಂಡದಲ್ಲಿ ಒಂದು ಕಾಲಕ್ಕೆ ಐವರು ಫಾರ್ವರ್ಡ್‌ಗಳಿದ್ದರು. ಜನ ಅವರನ್ನು ಪಂಚಪಾಂಡವರು ಎಂದೇ ಕರೆಯುತ್ತಿದ್ದರು. ಅವರಲ್ಲಿ ಅಹ್ಮದ್ ಖಾನ್, ಧನರಾಜ್ ಇಬ್ಬರೂ ಬೆಂಗಳೂರಿನವರು. ಅಹ್ಮದ್ ಖಾನರ ಕಾಲಿಗೆ ಚೆಂಡು ಅಂಟಿಕೊಂಡೇ ಇರುತ್ತಿತ್ತಂತೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಅಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ರಾಮನ್ ಕೂಡ ಬೆಂಗಳೂರಿನವರೇ. ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದವರು ಬೇರೆ ಯಾರೂ ಅಲ್ಲ, ತಾತನೇ. ಹೇಳಿ ಮುಗಿಸಿದ ಮೇಲೆ ತಾವೇ ನಕ್ಕು, “ಹಾಗಾದ್ರೆ ಚೆಂಡನ್ನ ಕಾಲಲ್ಲೇ ಇಟ್ಕೊಳ್ಳೋದನ್ನ ಸ್ಪೇನಿನವರಿಗಿಂತ ಮೊದಲೇ ನಮ್ಮ ಹುಡುಗರು ಕಲಿತಿದ್ರು ಅನ್ನು” ಎಂದರು.

ಆ ನೋಟುಬುಕ್ಕು ಈಗಲೂ ಇದೆ. ಅದರ ಕೆಲವು ಪುಟಗಳನ್ನು ನಿಮ್ಮ ಮುಂದೆ ತೆರೆಯುತ್ತೇನೆ.

2017ರ ಮೇ ತಿಂಗಳು, ಕಟಕ್‌ನಲ್ಲಿ ಫೆಡರೇಷನ್ ಕಪ್ ಫೈನಲ್. ಹೆಚ್ಚುವರಿ ಸಮಯದಲ್ಲಿ ಸಿ.ಕೆ. ವಿನೀತ್ ಎರಡು ಗೋಲು ಹೊಡೆದು ಮೋಹನ್ ಬಾಗಾನ್ ತಂಡವನ್ನು ಸೋಲಿಸಿದರು. ಗೆದ್ದ ದಿನವಾದ್ದರಿಂದ ದೋಷ ಬರೆಯಬೇಕು. ಮಗಳು ಬರೆದದ್ದು: “90 ನಿಮಿಷದಲ್ಲಿ ಒಂದೂ ಗೋಲು ಬರಲಿಲ್ಲ.” ಸಣ್ಣ ಪಾಸಿನ ವಕೀಲೆಯ ಕೈಯಿಂದಲೇ ಬಂದ ಮಾತು ಅದು.

2018ರ ಮಾರ್ಚ್ 17. ಐಎಸ್‌ಎಲ್‌ಗೆ ಸೇರಿದ ಮೊದಲ ವರ್ಷವೇ ರೋಕಾ ಅವರ ತಂಡ 18 ಪಂದ್ಯಗಳಲ್ಲಿ 40 ಅಂಕ ಗಳಿಸಿ ಪಟ್ಟಿಯ ತುದಿಯಲ್ಲಿತ್ತು. ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ 8 ಅಂಕ ಹೆಚ್ಚು. ಅದೇ ಚೆನ್ನೈಯಿನ್ ವಿರುದ್ಧ ಕಂಠೀರವದಲ್ಲೇ ಫೈನಲ್. 9ನೇ ನಿಮಿಷದಲ್ಲಿ ಛೆಟ್ರಿ ಹಾರಿ ತಲೆಯಿಂದ ಗೋಲು ಹೊಡೆದಾಗ ಕ್ರೀಡಾಂಗಣ ನಡುಗಿತು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಗೋಲು ಹೊಡೆದರು. ಎರಡೂ ಕಾರ್ನರ್‌ನಿಂದ ಬಂದ ಹೆಡರ್‌ಗಳು. ಕೊನೆಗೆ 2-3ರ ಸೋಲು. ಆ ರಾತ್ರಿ ಮಾವನವರಿಗೆ “ನಾನು ಹೇಳಿರಲಿಲ್ವಾ?” ಎನ್ನಲು ಎಲ್ಲ ಅವಕಾಶ ಇತ್ತು. ಆದರೆ ಸೋತ ದಿನ ಗುಣ ಬರೆಯಬೇಕಲ್ಲ. ಅವರು ಬರೆದರು: “40 ಅಂಕ ಬಂದದ್ದು ಈ ಆಟದಿಂದಲೇ. ಒಂದು ರಾತ್ರಿಗೆ ಅದನ್ನು ಮರೆಯಬಾರದು.” ಕೆಳಗೆ ಮಗಳ ಅಕ್ಷರ ಇದೆ, ಕಣ್ಣೀರು ಬಿದ್ದು ಶಾಯಿ ಹರಡಿದೆ: “ಕಾರ್ನರ್ ಬಂದಾಗ ತಾತನ ಕಾಲದ ಡಿಫೆಂಡರ್ ಬೇಕಿತ್ತು.” ನಿಯಮ ಮುರಿದಳೆಂದು ಯಾರೂ ಆಕ್ಷೇಪಿಸಲಿಲ್ಲ.

ಸರಿಯಾಗಿ ಒಂದು ವರ್ಷ ಕಳೆದು, 2019ರ ಮಾರ್ಚ್ 17. ಈಗ ಕೋಚ್ ಕಾರ್ಲೆಸ್ ಕ್ವಾದ್ರಾತ್, ರೋಕಾ ಅವರಿಗೆ ಸಹಾಯಕರಾಗಿದ್ದವರು. ಮುಂಬೈಯಲ್ಲಿ ಎಫ್‌ಸಿ ಗೋವಾ ವಿರುದ್ಧ ಫೈನಲ್. ಹೆಚ್ಚುವರಿ ಸಮಯವೂ ಮುಗಿಯಲು ಬಂದಾಗ ದಿಮಾಸ್ ದೆಲ್ಗಾದೊ ಒದ್ದ ಕಾರ್ನರ್‌ಗೆ ಡಿಫೆಂಡರ್ ರಾಹುಲ್ ಭೇಕೆ ತಲೆ ಕೊಟ್ಟರು. 1-0, ಕಪ್ಪು ನಮ್ಮದಾಯಿತು! ಮಗಳು ಬರೆದ ದೋಷ: “ಗೋವಾದವರು 10 ಜನಕ್ಕೆ ಇಳಿದ ಮೇಲೂ ನಾವು ಕಾರ್ನರ್‌ಗಾಗಿ ಕಾಯಬೇಕಾಯಿತು.” ಮಾವನವರು ಬರೆದದ್ದು: “ದೋಷ ನಾಳೆ ಬರೆಯುತ್ತೇನೆ.” ಆ ನಾಳೆ ಇನ್ನೂ ಬಂದಿಲ್ಲ.

ಒಂದು ವರ್ಷ ಕಾರ್ನರ್‌ನಿಂದ ಕಪ್ಪು ಕೈತಪ್ಪಿತು, ಮರುವರ್ಷ ಕಾರ್ನರ್‌ನಿಂದಲೇ ಕೈಗೆ ಬಂತು. ಹಾಗೆಂದು ಉದ್ದ ಒದೆತವೇ ಸರಿ, ಸಣ್ಣ ಪಾಸ್ ತಪ್ಪು ಎನ್ನಲಾಗದು. ಲೀಗಿನ ತುದಿಗೆ ತಂಡವನ್ನು ಏರಿಸಿದ್ದು ಪಾಸುಗಳೇ. ಸ್ಕೋರು ಯಾರು ಗೆದ್ದರು ಎಂದಷ್ಟೇ ಹೇಳುತ್ತದೆ. ಆಡಿದ ರೀತಿ ಸರಿಯೇ ಎಂದು ತಿಳಿಯಬೇಕಾದರೆ ಗೆದ್ದಾಗಲೂ ಸೋತಾಗಲೂ ಕಣ್ಣು ಬಿಟ್ಟು ನೋಡಬೇಕು, ಹಲವು ಪಂದ್ಯ ನೋಡಬೇಕು. ಪರೀಕ್ಷೆಯಲ್ಲೂ ಹಾಗೇ ಅಲ್ಲವೇ? ಊಹಿಸಿ ಬರೆದ ಉತ್ತರಕ್ಕೂ ಒಮ್ಮೊಮ್ಮೆ ಅಂಕ ಸಿಗುತ್ತದೆ. ಸರಿಯಾದ ದಾರಿಯಲ್ಲಿ ಲೆಕ್ಕ ಮಾಡಿದವರು ಕೊನೆಯ ಸಾಲಿನಲ್ಲಿ ಕೂಡಿಸುವುದನ್ನು ತಪ್ಪುತ್ತಾರೆ. ಮುಂದಿನ ಪರೀಕ್ಷೆಗೆ ಯಾರ ಮೇಲೆ ಭರವಸೆ ಇಡುತ್ತೀರಿ?

ಆಮೇಲೆ ಕ್ವಾದ್ರಾತ್ ಕೂಡ ಹೋದರು. ಇಂಗ್ಲೆಂಡಿನ ಸೈಮನ್ ಗ್ರೇಸನ್ ಬಂದರು, 2022ರಲ್ಲಿ ಡ್ಯುರಾಂಡ್ ಕಪ್ ಬಂತು. ಅವರ ನಂತರ ಮತ್ತೆ ಸ್ಪೇನಿನವರು, ಜೆರಾರ್ಡ್ ಸರಗೋಸಾ. ಪ್ರತಿ ಸಲವೂ ಕಾರ್ಪೊರೇಷನ್ ವೃತ್ತದವರೆಗೆ ಅದೇ ಚರ್ಚೆ. ಅದು ನಡೆಯಲಿ ಬಿಡಿ. ಊರಿನ ತಂಡದ ಬಗ್ಗೆ ಮಾತಾಡುವವರು ಇರುವುದು ಒಳ್ಳೆಯದೇ.

ಅಜ್ಜ ಅಜ್ಜಿಯರಿಗೆ ನನ್ನದೊಂದು ಕೋರಿಕೆ. ಮೊಮ್ಮಕ್ಕಳು ಹೊಸ ಆಟವನ್ನು ಮೆಚ್ಚಿದರೆ ನಿಮ್ಮನ್ನು ಬದಿಗಿಟ್ಟರು ಎಂದು ತಿಳಿಯಬೇಡಿ. ಮಕ್ಕಳೇ, ತಾತ ಹಳೆಯ ಆಟವನ್ನು ಹೊಗಳಿದರೆ ಅದರಲ್ಲಿ ಏನು ಕಂಡರು ಎಂದು ಕೇಳಿ. ಕ್ರಿಕೆಟ್ ಆಗಲಿ, ಕಬಡ್ಡಿ ಆಗಲಿ, ನಿಮ್ಮ ಮೆಚ್ಚಿನ ತಂಡದ ಮುಂದಿನ ಪಂದ್ಯಕ್ಕೆ ಮೊದಲು ಒಂದು ನೋಟುಬುಕ್ಕು, ಒಂದು ಪೆನ್ನು ತೆಗೆದಿಟ್ಟುಕೊಳ್ಳಿ. ಗೆದ್ದರೆ ಒಂದು ದೋಷ, ಸೋತರೆ ಒಂದು ಗುಣ. ಬರೆದು ಮುಗಿಸುವವರೆಗೆ ಟಿವಿಯಲ್ಲಿ ಮಾತಾಡುವ ಪಂಡಿತರ ದನಿಯನ್ನು ಸ್ವಲ್ಪ ಕಡಿಮೆ ಮಾಡಿ.