ವಿದ್ಯೆಯೂ ನೆಲದ ಋಣವೂ

ವಿಶ್ವವಿದ್ಯಾನಿಲಯವೆಂಬ ಪದದಲ್ಲಿ ವಿಶ್ವವೇ ಅಡಗಿದೆ. ಅಲ್ಲಿ ನಡೆಯುವ ಅಧ್ಯಯನಕ್ಕೆ ದೇಶಕಾಲಗಳ ಎಲ್ಲೆಯಿಲ್ಲ. ನಕ್ಷತ್ರಗಳ ಹುಟ್ಟು ಸಾವುಗಳೂ, ಅಳಿದುಹೋದ ನಾಗರಿಕತೆಗಳೂ, ಕಣ್ಣಿಗೆ ಕಾಣದ ಅಣುಗಳೂ ಅಲ್ಲಿನ ಪಂಡಿತರ ವಿಚಾರಕ್ಕೆ ಒಳಪಟ್ಟವುಗಳೇ. ಆದರೆ ವಿಶ್ವವಿದ್ಯಾನಿಲಯವು ಅಂತರಿಕ್ಷದಲ್ಲಿ ನಿಂತಿರುವುದಿಲ್ಲ. ಯಾವುದೋ ಒಂದು ಊರಿನ ನೆಲ ಅದಕ್ಕೆ ಆಸರೆ. ಆ ಊರಿನ ನೀರು ಅದಕ್ಕೆ ಜೀವನ. ದೂರದ ನಕ್ಷತ್ರವನ್ನು ಬಲ್ಲ ವಿದ್ವಾಂಸನು ತನ್ನ ಆವರಣದ ಗೋಡೆಯಾಚೆ ಬದುಕುವ ಜನರನ್ನೇ ಅರಿಯದೆ ಹೋದರೆ, ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಅವನಿಗೆ ಸಲ್ಲುತ್ತದೆ. ವಿದ್ಯಾಸಂಸ್ಥೆಗೂ ಅದರ ಸುತ್ತಲಿನ ಜನತೆಗೂ ಇರಬೇಕಾದ ಸಂಬಂಧ ಎಂತಹುದು? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಅಮೆರಿಕದ ಒಂದು ಮರುಭೂಮಿಯ ಕಡೆ ನೋಡೋಣ.

ಅಮೆರಿಕ ಸಂಯುಕ್ತ ಸಂಸ್ಥಾನದ ನೈರುತ್ಯ ಮೂಲೆಯಲ್ಲಿ ಅರಿಜೋನಾ ಎಂಬ ರಾಜ್ಯವಿದೆ. ಅದರ ದಕ್ಷಿಣ ಭಾಗದಲ್ಲಿ ಸೊನೋರಾ ಮರುಭೂಮಿಯ ನಡುವೆ ಟೂಸಾನ್ ನಗರವಿದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 28 ಸೆಂಟಿಮೀಟರ್ ಮಾತ್ರ. ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ನೆಟ್ಟ ಕಂಬಗಳಂತೆ ಎತ್ತರವಾಗಿ ನಿಲ್ಲುವ ಸವಾರೊ ಎಂಬ ಕಳ್ಳಿಗಿಡಗಳು ಬೆಟ್ಟದ ಇಳಿಜಾರುಗಳನ್ನು ತುಂಬಿರುತ್ತವೆ. ಈ ನಗರದಲ್ಲಿಯೇ ಅರಿಜೋನಾ ವಿಶ್ವವಿದ್ಯಾನಿಲಯ ನೆಲೆಗೊಂಡಿದೆ.

ಅದರ ಹುಟ್ಟಿನ ಕಥೆ ಸ್ವಾರಸ್ಯಕರವಾಗಿದೆ. ಅರಿಜೋನಾ ಇನ್ನೂ ಪೂರ್ಣ ರಾಜ್ಯವಾಗಿರದ ಕಾಲವದು. 1885ರಲ್ಲಿ ಅಲ್ಲಿನ ಶಾಸನಸಭೆಯು ಒಂದೊಂದು ಊರಿಗೆ ಒಂದೊಂದು ಸಂಸ್ಥೆಯನ್ನು ಹಂಚಿಕೊಟ್ಟಿತು. ಟೂಸಾನಿನ ಜನ ಬಯಸಿದ್ದುದು ರಾಜಧಾನಿಯನ್ನು; ದೊರೆತದ್ದು ವಿಶ್ವವಿದ್ಯಾನಿಲಯ ಮತ್ತು 25,000 ಡಾಲರುಗಳ ಅನುದಾನ. ಜನರಿಗೆ ಬಹಳ ಕೋಪ ಬಂದಿತು. ಸಭೆಯಿಂದ ಮರಳಿ ಬಂದ ತಮ್ಮ ಪ್ರತಿನಿಧಿಯ ಮೇಲೆ ಅವರು ಕೊಳೆತ ಮೊಟ್ಟೆಗಳನ್ನು ಎಸೆದರೆಂದು ಹೇಳುತ್ತಾರೆ. ಕಟ್ಟಡಕ್ಕೆ ನೆಲವನ್ನು ಊರಿನವರೇ ಕೊಡಬೇಕೆಂಬ ಕರಾರಿತ್ತು. ಕೊನೆಗೆ 40 ಎಕರೆ ನೆಲವನ್ನು ದಾನ ಮಾಡಿದವರು ಇಬ್ಬರು ಜೂಜುಗಾರರು ಮತ್ತು ಒಬ್ಬ ಮದ್ಯದಂಗಡಿಯ ಮಾಲೀಕ. 1891ರಲ್ಲಿ 32 ಮಂದಿ ವಿದ್ಯಾರ್ಥಿಗಳೊಡನೆ ಪಾಠಗಳು ಆರಂಭವಾದವು. ಸುತ್ತಮುತ್ತ ಪ್ರೌಢಶಾಲೆಯೇ ಇಲ್ಲದಿದ್ದುದರಿಂದ ಅವರಲ್ಲಿ ಹೆಚ್ಚಿನವರು ಪೂರ್ವಸಿದ್ಧತೆಯ ತರಗತಿಗಳಲ್ಲಿ ಓದಬೇಕಾಯಿತು.

ಈ ವಿಶ್ವವಿದ್ಯಾನಿಲಯವು ಒಂದು ವಿಶಿಷ್ಟ ವ್ಯವಸ್ಥೆಗೆ ಸೇರಿದುದು. 1862ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನನ್ನು ಮಾಡಿ, ಕೃಷಿ ಮತ್ತು ಯಂತ್ರವಿದ್ಯೆಗಳನ್ನು ಕಲಿಸುವ ಕಾಲೇಜುಗಳಿಗಾಗಿ ರಾಜ್ಯಗಳಿಗೆ ಭೂಮಿಯನ್ನು ನೀಡಿತು. 1887ರ ಕಾನೂನು ಕೃಷಿ ಸಂಶೋಧನಾ ಕೇಂದ್ರಗಳಿಗೆ ಹಣ ಒದಗಿಸಿತು. 1914ರ ಕಾನೂನು ಆ ಸಂಶೋಧನೆಯ ಫಲವನ್ನು ರೈತನ ಮನೆಬಾಗಿಲಿಗೆ ಒಯ್ಯುವ ವಿಸ್ತರಣಾ ಸೇವೆಗೆ ಅಡಿಗಲ್ಲಾಯಿತು. ಬೋಧನೆ, ಸಂಶೋಧನೆ, ಜನಸೇವೆ ಎಂಬ ಮೂರು ಹೊಣೆಗಳು ಹೀಗೆ ಒಂದೇ ಸಂಸ್ಥೆಯಲ್ಲಿ ಕೂಡಿಬಂದವು. 1960ರಲ್ಲಿ ಪಂತನಗರದಲ್ಲಿಯೂ 1964ರಲ್ಲಿ ಬೆಂಗಳೂರಿನಲ್ಲಿಯೂ ಸ್ಥಾಪಿತವಾದ ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳು ಇದೇ ಮಾದರಿಯನ್ನು ಅನುಸರಿಸಿದುವು. ಆದರೆ ಈ ಉದಾತ್ತವಾದ ಯೋಜನೆಗೆ ಇನ್ನೊಂದು ಮುಖವೂ ಇದೆ. ಅಮೆರಿಕದ ಸರಕಾರ ಕೊಡುಗೈಯಿಂದ ಹಂಚಿದ ಆ ಭೂಮಿ ಅಲ್ಲಿನ ಮೂಲನಿವಾಸಿಗಳ ಕೈಯಿಂದ ಹೋದ ಭೂಮಿಯಾಗಿತ್ತು. ಆದುದರಿಂದ ಆ ಸಂಸ್ಥೆಗಳು ಹುಟ್ಟುವಾಗಲೇ ಋಣವನ್ನು ಹೊತ್ತುಕೊಂಡು ಹುಟ್ಟಿದುವೆನ್ನಬೇಕು.

ಮರುಭೂಮಿ ಈ ವಿಶ್ವವಿದ್ಯಾನಿಲಯಕ್ಕೆ ಕೊಟ್ಟ ವಿದ್ಯೆ ಅಲ್ಪವಾದುದಲ್ಲ. ನಗರದ ಪಕ್ಕದಲ್ಲಿಯೇ ಟೂಮಮಾಕ್ ಎಂಬ ಗುಡ್ಡವಿದೆ. 1903ರಲ್ಲಿ ಕಾರ್ನೆಗಿ ಸಂಸ್ಥೆಯು ಅಲ್ಲಿ ಮರುಭೂಮಿಯ ಸಸ್ಯಗಳ ಅಧ್ಯಯನಕ್ಕಾಗಿ ಒಂದು ಪ್ರಯೋಗಾಲಯವನ್ನು ಸ್ಥಾಪಿಸಿತು. 1960ರಲ್ಲಿ ಅದು ವಿಶ್ವವಿದ್ಯಾನಿಲಯದ ವಶಕ್ಕೆ ಬಂದಿತು. 1906ರಲ್ಲಿ ಗುರುತುಮಾಡಿದ ನೆಲದ ತುಂಡುಗಳಲ್ಲಿ ಯಾವ ಗಿಡ ಹುಟ್ಟಿತು, ಯಾವುದು ಸತ್ತಿತು ಎಂಬುದನ್ನು ವಿಜ್ಞಾನಿಗಳು ತಲೆಮಾರಿನಿಂದ ತಲೆಮಾರಿಗೆ ಲೆಕ್ಕವಿಡುತ್ತ ಬಂದಿದ್ದಾರೆ. ಸವಾರೊ ನೂರೈವತ್ತು ವರ್ಷಗಳಿಗೂ ಮಿಕ್ಕಿ ಬದುಕಬಲ್ಲ ಗಿಡ. ಅದರ ಬಾಳನ್ನು ತಿಳಿಯಲು ಒಬ್ಬ ವಿಜ್ಞಾನಿಯ ಆಯುಷ್ಯ ಸಾಲದು. ಗುರು ಬಿಟ್ಟ ಲೆಕ್ಕವನ್ನು ಶಿಷ್ಯ ಮುಂದುವರಿಸಬೇಕು.

ಖಗೋಳಶಾಸ್ತ್ರಜ್ಞರಾದ ಎ. ಇ. ಡಗ್ಲಸ್ ಅವರು 1906ರಲ್ಲಿ ಇಲ್ಲಿ ಅಧ್ಯಾಪಕರಾದರು. ಮರದ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಮೂಡುತ್ತದೆ. ಮಳೆ ಹೆಚ್ಚಾದ ವರ್ಷ ಅಗಲವಾದ ಬಳೆ, ಬರಗಾಲದಲ್ಲಿ ಕಿರಿದಾದ ಬಳೆ. ಈ ಬಳೆಗಳನ್ನು ಓದುವ ಶಾಸ್ತ್ರವನ್ನು ಅವರು ಬೆಳೆಸಿದರು. 1929ರಲ್ಲಿ ದೊರೆತ ಒಂದು ಸುಟ್ಟ ತೊಲೆಯ ಸಹಾಯದಿಂದ ಹಳೆಯ ಮತ್ತು ಹೊಸ ಬಳೆಗಳ ಸಾಲುಗಳನ್ನು ಜೋಡಿಸಿ, ಆ ಸೀಮೆಯ ಪುರಾತನ ಕಟ್ಟಡಗಳ ಕಾಲವನ್ನು ವರ್ಷದ ಮಟ್ಟಿಗೆ ನಿಖರವಾಗಿ ಹೇಳಿದರು. 1937ರಲ್ಲಿ ಇದಕ್ಕಾಗಿಯೇ ಒಂದು ಪ್ರಯೋಗಾಲಯ ತೆರೆಯಿತು. ಈ ಶಾಸ್ತ್ರ ಕೇವಲ ಪಂಡಿತರ ಕುತೂಹಲಕ್ಕೆ ಮೀಸಲಾಗಿ ಉಳಿಯಲಿಲ್ಲ. 1922ರಲ್ಲಿ ಏಳು ರಾಜ್ಯಗಳು ಕೊಲರಾಡೊ ನದಿಯ ನೀರನ್ನು ಹಂಚಿಕೊಂಡಿದ್ದುವು. ಆ ಲೆಕ್ಕ ಹಾಕಿದ ವರ್ಷಗಳು ಅಪರೂಪವಾಗಿ ಮಳೆ ಹೆಚ್ಚಾಗಿದ್ದ ವರ್ಷಗಳೆಂದೂ, ನದಿಯಲ್ಲಿ ಅಷ್ಟು ನೀರು ಸದಾ ಇರಲಾರದೆಂದೂ 1976ರಲ್ಲಿ ಮರದ ಬಳೆಗಳು ಸಾಕ್ಷಿ ಹೇಳಿದುವು. ಟೂಸಾನ್ ನಗರಕ್ಕೂ ಈಗ ಆ ನದಿಯ ನೀರು ಕಾಲುವೆಯ ಮೂಲಕ ಬರುತ್ತದೆ. ಅಪ್ರಿಯವಾದರೂ ಹಿತವಾದ ಸತ್ಯವನ್ನು ಜನತೆಗೆ ತಿಳಿಸುವುದು ವಿದ್ಯಾಸಂಸ್ಥೆ ಮಾಡಬಹುದಾದ ದೊಡ್ಡ ಸೇವೆ.

ಆದರೆ ಮರುಭೂಮಿಯೆಂದರೆ ಗಿಡಮರ ಕಲ್ಲುಗಳಷ್ಟೇ ಅಲ್ಲವಲ್ಲ? ಅಲ್ಲಿ ಜನರೂ ಇದ್ದಾರೆ. ತೊಹೊನೊ ಓಧಮ್ ಜನಾಂಗದವರು ಅಲ್ಲಿಯ ಪ್ರಾಚೀನ ನಿವಾಸಿಗಳು. ಆ ಹೆಸರಿಗೆ ಮರುಭೂಮಿಯ ಜನ ಎಂದೇ ಅರ್ಥ. ಹೊರಗಿನವರು ಅವರನ್ನು ಬಹುಕಾಲ ಪಾಪಗೊ ಎಂದು ಕರೆಯುತ್ತಿದ್ದರು. 1986ರಲ್ಲಿ ಅವರು ಆ ಹೆಸರನ್ನು ಕೈಬಿಟ್ಟು ತಮ್ಮ ನಿಜನಾಮವನ್ನು ಅಧಿಕೃತವಾಗಿ ಸ್ವೀಕರಿಸಿದರು. ಬೇಸಗೆಯ ಮಳೆಗೆ ಹಳ್ಳಗಳು ಒಮ್ಮೆಲೇ ತುಂಬಿ ಹರಿದಾಗ ಆ ನೀರನ್ನು ಹೊಲಗಳಿಗೆ ಹರಡಿ, ತೇವ ಆರುವ ಮುನ್ನ ಬೆಳೆ ತೆಗೆಯುವ ಕಲೆ ಅವರಿಗೆ ಕರಗತವಾಗಿತ್ತು. ಟೆಪರಿ ಎಂಬ ಸಣ್ಣ ಕಾಳು ಅವರ ಮುಖ್ಯ ಬೆಳೆಗಳಲ್ಲಿ ಒಂದು. ಅವರೆ ಅಲಸಂದೆಗಳ ಬಳಗಕ್ಕೆ ಸೇರಿದ ಈ ಕಾಳು ಅತ್ಯಲ್ಪ ನೀರಿನಲ್ಲಿ ಬೆಳೆಯುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಈ ಬೇಸಾಯ ಕ್ಷೀಣಿಸಿತು; ಅಂಗಡಿಯ ಹಿಟ್ಟು ಸಕ್ಕರೆಗಳು ಮನೆಯೊಳಗೆ ಬಂದುವು; ಅವುಗಳ ಹಿಂದೆ ಮಧುಮೇಹವೂ ಬಂದಿತು. ಹಳೆಯ ಕಾಳು ರಕ್ತದಲ್ಲಿ ಸಕ್ಕರೆಯನ್ನು ನಿಧಾನವಾಗಿ ಏರಿಸುತ್ತದೆಂದು ವಿಜ್ಞಾನ ಆಮೇಲೆ ಕಂಡುಕೊಂಡಿತು. ಈ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದ ಗ್ಯಾರಿ ನಭಾನ್ ಅವರು ಸಂಗಡಿಗರೊಡನೆ 1983ರಲ್ಲಿ ಟೂಸಾನಿನಲ್ಲಿ ದೇಶೀ ಬೀಜಗಳ ಭಂಡಾರವೊಂದನ್ನು ಆರಂಭಿಸಿದರು. ಓದು ಬಾರದ ರೈತಮುದುಕಿಯು ಮಡಕೆಯಲ್ಲಿ ಕಾಪಾಡಿದ ಬೀಜವೂ ಒಂದು ಗ್ರಂಥವೇ ಎಂಬ ಅರಿವು ಅದರ ಹಿಂದೆ ಇತ್ತು.

ಬೀಜಕ್ಕೆ ಒದಗಿದ ಗತಿಯೇ ಭಾಷೆಗೂ ಒದಗುವಂತಿತ್ತು. ಅಮೆರಿಕದ ಮೂಲನಿವಾಸಿಗಳ ಮಕ್ಕಳನ್ನು ದೂರದ ವಸತಿಶಾಲೆಗಳಲ್ಲಿಟ್ಟು, ತಾಯ್ನುಡಿಯಲ್ಲಿ ಮಾತನಾಡಿದರೆ ಶಿಕ್ಷಿಸುತ್ತಿದ್ದ ಕಾಲವೊಂದಿತ್ತು. ಆ ಅನ್ಯಾಯಕ್ಕೆ ವಿದ್ಯೆಯಿಂದಲೇ ಉತ್ತರ ಕೊಟ್ಟವರು ಒಫೀಲಿಯಾ ಜೆಪೆಡಾ. ಅವರು ಹತ್ತಿಯ ಹೊಲಗಳಲ್ಲಿ ದುಡಿಯುತ್ತಿದ್ದ ಓಧಮ್ ಕುಟುಂಬದಲ್ಲಿ ಹುಟ್ಟಿದವರು. ಇದೇ ವಿಶ್ವವಿದ್ಯಾನಿಲಯದಲ್ಲಿ ಭಾಷಾಶಾಸ್ತ್ರವನ್ನು ಓದಿ, 1983ರಲ್ಲಿ ತಮ್ಮ ನುಡಿಗೆ ವ್ಯಾಕರಣವನ್ನು ಬರೆದು ಪ್ರಕಟಿಸಿದರು. ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾಗಿ, ಕವಯಿತ್ರಿಯಾಗಿ ಹೆಸರಾದರು. ಅಧ್ಯಯನದ ವಸ್ತುವಾಗಿದ್ದ ಜನಾಂಗದ ಮಗಳು ಅಧ್ಯಯನದ ಪೀಠವನ್ನೇರಿದಳು. ವಿಶ್ವವಿದ್ಯಾನಿಲಯದ ಬಾಗಿಲು ಸುತ್ತಲಿನ ಜನಕ್ಕೆ ನಿಜವಾಗಿ ತೆರೆದಿದೆಯೇ ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ಒರೆಗಲ್ಲು ಬೇರೊಂದಿಲ್ಲ.

ಇನ್ನು ಎರಡು ಬೆಟ್ಟಗಳ ಕಥೆಯನ್ನು ಕೇಳಬೇಕು. ಟೂಸಾನಿನ ಪಶ್ಚಿಮಕ್ಕೆ ಓಧಮ್ ಜನರ ನೆಲದಲ್ಲಿ ಕಿಟ್ ಶಿಖರವಿದೆ. ಅದು ಅವರಿಗೆ ಪವಿತ್ರವಾದುದು. 1950ರ ದಶಕದಲ್ಲಿ ರಾಷ್ಟ್ರೀಯ ವೀಕ್ಷಣಾಲಯಕ್ಕೆ ಸ್ಥಳ ಹುಡುಕುತ್ತಿದ್ದ ಖಗೋಳಜ್ಞರಿಗೆ ಆ ಶಿಖರ ಹಿಡಿಸಿತು. ಅವರು ಜನಾಂಗದ ಹಿರಿಯರನ್ನು ವಿಶ್ವವಿದ್ಯಾನಿಲಯಕ್ಕೆ ಆಹ್ವಾನಿಸಿ, ಅಲ್ಲಿಯ ದೂರದರ್ಶಕದಲ್ಲಿ ಚಂದ್ರನನ್ನು ತೋರಿಸಿ, ತಮ್ಮ ಉದ್ದೇಶವನ್ನು ವಿವರಿಸಿದರು. ಹಿರಿಯರು ಇವರನ್ನು ‘ಉದ್ದ ಕಣ್ಣಿನವರು’ ಎಂದು ಕರೆದರು. 1958ರಲ್ಲಿ ಗೇಣಿಯ ಒಪ್ಪಂದವಾಯಿತು. ಕೇಳಿ ಪಡೆದ ಒಪ್ಪಿಗೆ ಒಮ್ಮೆ ಪಡೆದರೆ ತೀರುವಂತಹುದಲ್ಲವೆಂಬುದೂ ಆಮೇಲೆ ವ್ಯಕ್ತವಾಯಿತು. ಅದೇ ಬೆಟ್ಟದಲ್ಲಿ ಹೊಸ ಯಂತ್ರಗಳ ಸ್ಥಾಪನೆಯನ್ನು ವಿರೋಧಿಸಿ 2005ರಲ್ಲಿ ಓಧಮ್ ಜನರು ನ್ಯಾಯಾಲಯಕ್ಕೆ ಹೋದರು; ಆ ಯಂತ್ರಗಳು ಬೇರೊಂದು ಬೆಟ್ಟದ ಬುಡದಲ್ಲಿ ನೆಲೆಗೊಂಡುವು.

ಎರಡನೆಯದು ಟೂಸಾನಿನ ಈಶಾನ್ಯಕ್ಕಿರುವ ಗ್ರಹಾಂ ಪರ್ವತ. ಅದರ ಎತ್ತರ ಸುಮಾರು 3,267 ಮೀಟರ್. ಅಪಾಚೆ ಜನರಿಗೆ ಅದು ದೇವತೆಗಳ ನೆಲೆ. ಅಪಾಯದ ಅಂಚಿನಲ್ಲಿರುವ ಒಂದು ಜಾತಿಯ ಕೆಂಪು ಅಳಿಲಿಗೆ ಪ್ರಪಂಚದಲ್ಲಿ ಅದೊಂದೇ ಮನೆ. ಅಲ್ಲಿ ವೀಕ್ಷಣಾಲಯವನ್ನು ಕಟ್ಟಲು ಸ್ವತಃ ಅರಿಜೋನಾ ವಿಶ್ವವಿದ್ಯಾನಿಲಯವೇ ಮುಂದಾಯಿತು. 1988ರಲ್ಲಿ ಸಂಸತ್ತು ವಿಶೇಷ ಕಾನೂನಿನ ಮೂಲಕ ಮೊದಲ ಮೂರು ದೂರದರ್ಶಕಗಳಿಗೆ ದಾರಿ ಮಾಡಿಕೊಟ್ಟಿತು. ಅಪಾಚೆಯರು ಪ್ರತಿಭಟಿಸಿದರು, 1991ರಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಅದು ಫಲಿಸಲಿಲ್ಲ. 8.4 ಮೀಟರ್ ವ್ಯಾಸದ ಎರಡು ದರ್ಪಣಗಳುಳ್ಳ ಮಹಾ ದೂರದರ್ಶಕವು 2004ರಲ್ಲಿ ಅಲ್ಲಿ ಉದ್ಘಾಟನೆಗೊಂಡಿತು.

ವಿಜ್ಞಾನ ಮಾನವಕುಲಕ್ಕೆಲ್ಲ ಸೇರಿದ್ದು, ಕೆಲವೇ ಜನರ ನಂಬಿಕೆಗಾಗಿ ಅದನ್ನು ತಡೆಯಬಹುದೇ ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆ ದರ್ಪಣಗಳಿಂದ ದೊರೆತ ಜ್ಞಾನ ನಿಜವಾಗಿಯೂ ಅಮೂಲ್ಯವಾದುದೇ. ಆದರೆ ಮಾನವಕುಲದ ಹೆಸರಿನಲ್ಲಿ ಕೇಳುವವರು ಆ ಕುಲದಲ್ಲಿ ಅಪಾಚೆಯರೂ ಸೇರಿದ್ದಾರೆಂಬುದನ್ನು ಮರೆಯಬಾರದು. ಲಾಭ ಎಲ್ಲರಿಗೂ ಹಂಚಿಹೋಗುವಾಗ ನಷ್ಟ ಮಾತ್ರ ಒಂದೇ ಮನೆಯ ಪಾಲಾಗುವುದಾದರೆ, ಆ ಮನೆಯವರ ಮಾತನ್ನು ಮೊದಲು ಕೇಳುವುದು ನ್ಯಾಯ. ಕಾನೂನು ಅನುಮತಿಸಿದ್ದೆಲ್ಲವೂ ಧರ್ಮಸಮ್ಮತವಾಗಿರಬೇಕೆಂದಿಲ್ಲ. ನಿಯಮ ಹೇಳಿದಷ್ಟನ್ನೇ ಮಾಡಿ ಕೈತೊಳೆದುಕೊಳ್ಳುವುದು ವ್ಯಾಪಾರಸ್ಥನಿಗೆ ಒಪ್ಪಬಹುದು. ಜಗತ್ತಿಗೆ ವಿವೇಕವನ್ನು ಕಲಿಸುವ ಸಂಸ್ಥೆಗೆ ಒಪ್ಪುವುದಿಲ್ಲ. ದೂರದ ತಾರೆಯನ್ನು ಕಾಣುವ ಕಣ್ಣಿಗೆ ಹತ್ತಿರದವನ ನೋವು ಕಾಣದಿರುವುದು ದೊಡ್ಡ ಕುರುಡು.

ಹೀಗೆಂದು ನಿರಾಶರಾಗಬೇಕಾಗಿಲ್ಲ. ಅಗೆದು ತೆಗೆದ ಪೂರ್ವಿಕರ ಅಸ್ಥಿಗಳನ್ನೂ ಪವಿತ್ರ ವಸ್ತುಗಳನ್ನೂ ವಸ್ತುಸಂಗ್ರಹಾಲಯಗಳು ಆಯಾ ಜನಾಂಗಕ್ಕೆ ಹಿಂದಿರುಗಿಸಬೇಕೆಂದು 1990ರಲ್ಲಿ ಅಮೆರಿಕದಲ್ಲಿ ಕಾನೂನಾಯಿತು. ಅರಿಜೋನಾದಲ್ಲಿ ಮಾನ್ಯತೆ ಪಡೆದ 22 ಮೂಲನಿವಾಸಿ ಜನಾಂಗಗಳ ಪದವಿ ವಿದ್ಯಾರ್ಥಿಗಳಿಗೆ, ಮುಖ್ಯ ಆವರಣದಲ್ಲಿ ಪೂರ್ಣಾವಧಿ ಓದುವುದಾದರೆ, ಬೋಧನಾಶುಲ್ಕವನ್ನು ತಾನೇ ಭರಿಸುವುದಾಗಿ ಈ ವಿಶ್ವವಿದ್ಯಾನಿಲಯವು 2022ರಲ್ಲಿ ಘೋಷಿಸಿತು. ಇದನ್ನು ದಾನವೆಂದು ಬಣ್ಣಿಸುವವರುಂಟು. ಸಾಲ ತೀರಿಸುವುದಕ್ಕೆ ದಾನವೆಂಬ ಹೆಸರು ಸಲ್ಲದು. ಬಹುಕಾಲದಿಂದ ಬಾಕಿ ಇದ್ದ ಋಣದ ಒಂದು ಕಂತು ಇದೆಂದು ತಿಳಿಯುವುದೇ ಯುಕ್ತ.

ವಿದ್ಯಾಸಂಸ್ಥೆಯ ಹಿರಿಮೆಯನ್ನು ನಾವು ಸಾಮಾನ್ಯವಾಗಿ ಅದರ ಕಟ್ಟಡಗಳಿಂದ, ಪದವೀಧರರ ಸಂಖ್ಯೆಯಿಂದ, ಗಳಿಸಿದ ಪ್ರಶಸ್ತಿಗಳಿಂದ ಅಳೆಯುತ್ತೇವೆ. ಈ ಅಳತೆಗೆ ಇನ್ನೊಂದನ್ನು ಸೇರಿಸಬೇಕು. ಅದರ ಸುತ್ತಲಿನ ಹತ್ತು ಹರಿದಾರಿಯೊಳಗಿನ ಜನ ಅದನ್ನು ನಮ್ಮದು ಎನ್ನುತ್ತಾರೆಯೇ? ಅವರ ಮಕ್ಕಳು ಅಲ್ಲಿ ಕಲಿಯುತ್ತಾರೆಯೇ, ಕಲಿಸುತ್ತಾರೆಯೇ? ಅವರು ಬೇಡವೆಂದಾಗ ಆ ಮಾತನ್ನು ಕೇಳುವ ಕಿವಿ ಅಲ್ಲಿದೆಯೇ? ಟೂಸಾನಿನ ಮರಳುನೆಲದಲ್ಲಿ ಎದ್ದ ಈ ಪ್ರಶ್ನೆಗಳನ್ನು ಅದೇ ಮಾದರಿಯಲ್ಲಿ ಹುಟ್ಟಿದ ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳಿಗೂ ನಾವು ಕೇಳಬಹುದು.

ಈ ಪಾಠವನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ನಾಳೆ ಕಾಲೇಜುಗಳಿಗೆ, ವಿಶ್ವವಿದ್ಯಾನಿಲಯಗಳಿಗೆ ಹೋಗುವವರು. ಅಲ್ಲಿ ನಿಮಗೆ ದೊರೆಯುವ ವಿದ್ಯೆಯಲ್ಲಿ ಪುಸ್ತಕ ಬರೆದವರ ಶ್ರಮವಿರುವಂತೆ, ತೆರಿಗೆ ಕೊಟ್ಟ ರೈತನ ಬೆವರೂ ನೆಲ ಬಿಟ್ಟುಕೊಟ್ಟವರ ತ್ಯಾಗವೂ ಸೇರಿರುತ್ತವೆ. ಅವರ ಮುಂದೆ ಕುಳಿತು ಕೇಳಬಲ್ಲವನೇ ಅವರಿಗೆ ಏನನ್ನಾದರೂ ಹೇಳಲು ಅರ್ಹನಾಗುತ್ತಾನೆ.