ಒಣಗದ ಕಾಳಿಗೆ ಮುಚ್ಚಳ ಹಾಕಬೇಡಿ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೇಕಾಯಿ ಪರಿಷೆಗೆ ಹೋದವರು ಒಂದೆರಡು ಸೇರು ಕಾಯಿ ಕೊಳ್ಳದೆ ಮನೆಗೆ ಬರುವುದಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ನೆಂಟರಿದ್ದರಂತೂ ಆ ದಿನಗಳಲ್ಲಿ ಊರಿನಿಂದಲೇ ಅರ್ಧ ಚೀಲ ಕಡಲೇಕಾಯಿ, ಜೊತೆಗೆ ಹೊಸ ರಾಗಿಯೂ ಬಂದು ಬೀಳುತ್ತದೆ. ಒಂದಿಷ್ಟನ್ನು ಬೇಯಿಸಿ ತಿಂದಾಯಿತು. ಉಳಿದದ್ದನ್ನು ಏನು ಮಾಡುತ್ತೀರಿ? ಎರಡು ದಿನ ಮಹಡಿಯ ಮೇಲೆ ಹರವಿ, ಮೂರನೆಯ ದಿನ ಗಾಳಿಯಾಡದ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು ನಿಶ್ಚಿಂತರಾಗುತ್ತೀರಿ. ನನ್ನ ತಕರಾರು ಇರುವುದು ಈ ಮುಚ್ಚಳದ ಬಗ್ಗೆ.

ಮುಚ್ಚಳ ಹೊರಗಿನ ತೇವವನ್ನು ಒಳಗೆ ಬಿಡುವುದಿಲ್ಲ, ನಿಜ. ಆದರೆ ಒಳಗಿನ ತೇವವನ್ನು ಹೊರಗೂ ಬಿಡುವುದಿಲ್ಲ. ಕೈಗೆ ಒಣಗಿದಂತೆ ಕಾಣುವ ಕಾಳಿನ ತಿರುಳಿನಲ್ಲಿ ನೀರಿನ ಪಸೆ ಇನ್ನೂ ಇರುತ್ತದೆ. ಡಬ್ಬಿ ಮುಚ್ಚಿದ ಮೇಲೆ ಅದು ಮೆಲ್ಲಗೆ ಹೊರಬಂದು ಕಾಳುಗಳ ನಡುವಿನ ಗಾಳಿಯಲ್ಲಿ ತುಂಬಿಕೊಳ್ಳುತ್ತದೆ. ಆ ಗಾಳಿಯ ತೇವಾಂಶ ಶೇಕಡಾ 65ಕ್ಕಿಂತ ಕೆಳಗಿದ್ದರೆ ಬೂಷ್ಟಿಗೆ ಬದುಕಿಲ್ಲ. 70 ದಾಟಿತೆಂದರೆ ಅದು ತಲೆ ಎತ್ತುತ್ತದೆ. ಇಷ್ಟೇ ಈ ಶಾಸ್ತ್ರ.

ಬೂಷ್ಟು ಎಂದರೆ ಮೂಗು ಮುರಿಯುವ ವಿಷಯ ಮಾತ್ರ ಎಂದುಕೊಳ್ಳಬೇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ಅವುಗಳ ಮೇವಿನಲ್ಲಿದ್ದ ಬೂಷ್ಟು ಹಿಡಿದ ಕಡಲೇಕಾಯಿ ಹಿಂಡಿ. ಆಸ್ಪರ್‌ಜಿಲ್ಲಸ್ ಫ್ಲೇವಸ್ ಎಂಬ ಶಿಲೀಂಧ್ರ ಉಂಟುಮಾಡುವ ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು. ಅದು ಯಕೃತ್ತಿನ ವೈರಿ. ಒಮ್ಮೆಗೇ ಹೆಚ್ಚು ಸೇರಿದರೆ ಕಾಮಾಲೆ, ಸಾವು. ಸ್ವಲ್ಪಸ್ವಲ್ಪವಾಗಿ ವರ್ಷಗಟ್ಟಲೆ ಸೇರಿದರೆ ಯಕೃತ್ತಿನ ಕ್ಯಾನ್ಸರ್. ಹೆಪಟೈಟಿಸ್ ಬಿ ಸೋಂಕು ಇದ್ದವರಿಗೆ ಈ ಅಪಾಯ ಹಲವು ಪಟ್ಟು ಹೆಚ್ಚು. ನಮ್ಮ ದೇಶದಲ್ಲೇ 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿ ಜಿಲ್ಲೆಗಳಲ್ಲಿ ಅಕಾಲದ ಮಳೆಗೆ ನೆನೆದ ಮೆಕ್ಕೆಜೋಳ ತಿಂದು ಸುಮಾರು 400 ಮಂದಿ ಕಾಮಾಲೆಯಿಂದ ಮಲಗಿದರು. ನೂರಕ್ಕೂ ಹೆಚ್ಚು ಜನ ತೀರಿಕೊಂಡರು. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ ಶುರುವಾಯಿತು. ಅದು ಫ್ಯುಮೋನಿಸಿನ್ ಎಂಬ ಬೇರೊಂದು ಬೂಷ್ಟಿನ ವಿಷ. ಆ ಕಾಳು ತಿನ್ನದ ಮನೆಗಳಲ್ಲಿ ಕಾಯಿಲೆ ಇರಲಿಲ್ಲ. ಬಿದ್ದವರು ಬಡವರೇ, ಏಕೆಂದರೆ ಕೆಟ್ಟ ಕಾಳನ್ನು ಚೆಲ್ಲಿ ಬೇರೆ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ.

ನಮ್ಮ ಬಯಲುಸೀಮೆಯಲ್ಲೂ ಕೊಯ್ಲಿಗೂ ಮಳೆಗೂ ಹಳೆಯ ಜಗಳ. ಕಡಲೇಕಾಯಿ ಕೀಳುವುದು, ರಾಗಿ ಕೊಯ್ಯುವುದು, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯುವುದು ಎಲ್ಲವೂ ಒಂದೇ ಹೊತ್ತಿಗೆ. 2021ರ ನವೆಂಬರಿನ ಮಳೆಯಲ್ಲಿ ರಾಗಿ ತೆನೆ ಹೊಲದಲ್ಲೇ ಮೊಳಕೆಯೊಡೆದದ್ದು ರೈತರಿಗೆ ಮರೆತಿರಲಾರದು.

ದೊಡ್ಡಬಳ್ಳಾಪುರದ ಕಡೆಯ ಒಬ್ಬ ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಆಕೆ ನಕ್ಕುಬಿಟ್ಟರು. "ಬೂಷ್ಟು ಬಂದ್ರೆ ಏನಾಯ್ತು ಡಾಕ್ಟ್ರೇ, ಬಿಸಿಲಿಗಾಕಿ ಉಜ್ಜಿ ಹುರುದ್ರೆ ಹೋಯ್ತದೆ. ಹಂಗೂ ಬ್ಯಾಡಾಂದ್ರೆ ಹಸೀಗೆ ಹಾಕಿದ್ರಾಯ್ತು." ಎರಡೂ ತಪ್ಪು. ಉಜ್ಜಿದರೆ ಹೋಗುವುದು ಮೇಲಿನ ಪುಡಿ; ಒಳಗೆ ಇಳಿದ ವಿಷ ಅಡುಗೆಯ ಬಿಸಿಗೆ ಪೂರ್ತಿ ನಾಶವಾಗುವುದಿಲ್ಲ. ಹಸುವಿಗೆ ಹಾಕುವುದಂತೂ ಇನ್ನೂ ಕೆಟ್ಟದ್ದು. ಬೂಷ್ಟು ಹಿಡಿದ ಹಿಂಡಿ ತಿಂದ ಹಸುವಿನ ಹಾಲಿನಲ್ಲಿ ಒಂದು ದಿನದೊಳಗೇ ಅದರ ಅಂಶ ಕಾಣಿಸಿಕೊಳ್ಳುತ್ತದೆ, ಹಾಲು ಕಾಯಿಸಿದರೂ ಹೋಗುವುದಿಲ್ಲ. ಆ ಹಾಲು ಮೊದಲು ಸೇರುವುದು ಮನೆಯ ಮಗುವಿನ ಲೋಟಕ್ಕೆ. ದಂಡ ಮಾಡಬಾರದೆಂಬ ಅಜ್ಜಿಯ ಮನಸ್ಸು ದೊಡ್ಡದು, ಒಪ್ಪುತ್ತೇನೆ. ಆದರೆ ಇಲ್ಲಿ ಉಳಿತಾಯವಾಗುವುದು ಒಂದು ಹಿಡಿ ಕಾಳು ಮಾತ್ರ.

ಹಾಗಾದರೆ ಕಾಳು ಒಣಗಿದೆಯೆಂದು ತಿಳಿಯುವುದು ಹೇಗೆ? ಕಡಲೇಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿ. ಒಳಗೆ ಬೀಜ ಗಲಗಲ ಎನ್ನಬೇಕು. ಬೀಜವನ್ನು ಬೆರಳ ನಡುವೆ ತಿಕ್ಕಿದರೆ ಸಿಪ್ಪೆ ಸಲೀಸಾಗಿ ಬಿಡಬೇಕು. ರಾಗಿ, ಮೆಕ್ಕೆಜೋಳದಂಥ ಧಾನ್ಯಕ್ಕೆ ಉಪ್ಪಿನ ಪರೀಕ್ಷೆ ಇದೆ. ಪುಡಿ ಉಪ್ಪನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಉದುರುದುರಾಗಿಸಿ ಆರಿಸಿ. ಚೆನ್ನಾಗಿ ಒಣಗಿದ ಗಾಜಿನ ಸೀಸೆಯ ಮೂರನೆಯ ಒಂದು ಭಾಗ ಕಾಳು, ಮೇಲೆ ಎರಡು ಮೂರು ಚಮಚ ಉಪ್ಪು ಹಾಕಿ, ಮುಚ್ಚಿ ಒಂದು ನಿಮಿಷ ಕುಲುಕಿ ಕಾಲು ಗಂಟೆ ಬಿಡಿ. ಉಪ್ಪು ಸೀಸೆಯ ಗೋಡೆಗೆ ಅಂಟಿದ್ದರೆ ಕಾಳಿನಲ್ಲಿ ಶೇಕಡಾ 15ಕ್ಕಿಂತ ಹೆಚ್ಚು ನೀರಿದೆ, ಮತ್ತೆ ಬಿಸಿಲಿಗೆ ಹಾಕಬೇಕೆಂದು ಅರ್ಥ. ಅಂಟಲಿಲ್ಲವೆಂದು ತಕ್ಷಣ ಮುಚ್ಚಿಡಬೇಡಿ. ಧಾನ್ಯ ಶೇಕಡಾ 12ರ ಆಸುಪಾಸಿಗೆ ಬರಬೇಕು. ಇನ್ನೂ ಒಂದೆರಡು ಬಿಸಿಲು ಕಾಣಲಿ. ಎಣ್ಣೆಯ ಅಂಶ ಹೆಚ್ಚಿರುವ ಕಡಲೇಕಾಯಿ ಬೀಜವಂತೂ ಶೇಕಡಾ 8ಕ್ಕೆ ಇಳಿಯಬೇಕು, ಅದಕ್ಕೆ ಉಪ್ಪಿನ ಪರೀಕ್ಷೆ ಸಾಲದು.

ಈಗ ಅಂಗೈಯಗಲದ ತೇವಮಾಪಕಗಳು ದುಬಾರಿಯಲ್ಲದ ಬೆಲೆಗೆ ಸಿಗುತ್ತವೆ. ಡಬ್ಬಿಗೆ ಮುಕ್ಕಾಲು ಭಾಗ ಕಾಳು ತುಂಬಿ, ಅದನ್ನು ಒಳಗಿಟ್ಟು ಮುಚ್ಚಿ, ನೆರಳಿನಲ್ಲಿ ಒಂದು ದಿನ ಬಿಟ್ಟು ನೋಡಿ. 65ರೊಳಗೆ ಇದ್ದರೆ ಸರಿ. ಹೆಚ್ಚಿದ್ದರೆ ಸಂಕೋಚಪಡದೆ ಸುರಿದು ಮತ್ತೆ ಹರವಿ. ಮೊದಲ ಎರಡು ವಾರ ಮೂರು ನಾಲ್ಕು ದಿನಕ್ಕೊಮ್ಮೆ ಮುಚ್ಚಳ ತೆಗೆದು ಮೂಸಿ ನೋಡುವುದೂ ಒಳ್ಳೆಯದು. ಮುಗ್ಗು ವಾಸನೆಯನ್ನು ನಿಮ್ಮ ಮೂಗು ತಪ್ಪಿಸಿಕೊಳ್ಳುವುದಿಲ್ಲ.

ಬಿಸಿಲಿಗೆ ಹಾಕುವಾಗ ಬರಿನೆಲದ ಮೇಲೆ ಬೇಡ, ಟಾರ್ಪಾಲಿನ್ ಇರಲಿ. ಸಂಜೆ ಮಂಜು ಬೀಳುವ ಮೊದಲೇ ಎತ್ತಿಡಿ. ಸುಡು ಬಿಸಿಲಿನಿಂದ ತಂದ ಕಾಳನ್ನು ಬಿಸಿಯಾಗಿರುವಾಗಲೇ ಡಬ್ಬಿಗೆ ಸುರಿಯುವುದು ಬಹಳ ಮನೆಗಳಲ್ಲಿ ಆಗುವ ತಪ್ಪು. ರಾತ್ರಿ ತಣ್ಣಗಾದಾಗ ಮುಚ್ಚಳದ ಒಳಗೆ ಬೆವರಿನಂತೆ ನೀರು ಹನಿಯುತ್ತದೆ. ನೆರಳಿನಲ್ಲಿ ಆರಿಸಿ ತುಂಬಿ. ಒಣಮೆಣಸಿನಕಾಯಿಗೂ ಇದೇ ಮಾತು: ಮೇಲೆ ಕೆಂಪಗಿದ್ದರೂ ಮುರಿದು ಒಳಗೆ ನೋಡಿ.

ಗಾಳಿಯಾಡದ ಸಂಗ್ರಹ ನಮಗೆ ಹೊಸದೇನಲ್ಲ. ಹಳೆ ಮೈಸೂರು ಸೀಮೆಯ ಹಗೇವುಗಳಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬಾಯಿ ಮುಚ್ಚಿದ ಮೇಲೆ ಕಾಳೇ ಉಸಿರಾಡಿ ಒಳಗಿನ ಪ್ರಾಣವಾಯುವನ್ನು ಮುಗಿಸುತ್ತಿತ್ತು, ಹುಳುವಿಗೂ ಉಳಿಗಾಲವಿರಲಿಲ್ಲ. (ಬಾಯಿ ತೆರೆದ ಕೂಡಲೇ ಇಳಿದ ಮನುಷ್ಯನಿಗೂ ಇರಲಿಲ್ಲ; ಅದಕ್ಕೇ ಮೊದಲು ದೀಪ ಇಳಿಸಿ ನೋಡುತ್ತಿದ್ದರು.) ಆದರೆ ಹಗೇವಿಗೆ ರಾಗಿ ಸುರಿಯುತ್ತಿದ್ದದ್ದು ಕಣದಲ್ಲಿ ದಿನಗಟ್ಟಲೆ ಬಿಸಿಲು ಕಂಡ ಮೇಲೆ. ನಾವು ಆ ಮುಚ್ಚಳವನ್ನಷ್ಟೇ ಕಲಿತು ಬಿಸಿಲನ್ನು ಬಿಟ್ಟೆವು.

ಈಗಾಗಲೇ ಡಬ್ಬಿ ತುಂಬಿಟ್ಟಿದ್ದೀರಾ? ಇವತ್ತೇ ಒಂದು ಮೊರದಲ್ಲಿ ಸುರಿದು ಆರಿಸಿ. ಸುಕ್ಕಾದ, ಬಣ್ಣಗೆಟ್ಟ, ಒಡೆದ ಬೀಜಗಳನ್ನು ಬೇರೆ ಮಾಡಿ. ವಿಷ ಹೆಚ್ಚಾಗಿ ಅಡಗಿರುವುದು ಇವುಗಳಲ್ಲೇ. ಪುಡಿ ಮಾಡಿದ ಮೇಲೆ ಹೀಗೆ ಆರಿಸಲಾಗದು, ಆದ್ದರಿಂದ ಚಟ್ನಿಪುಡಿಗೆ ಹಾಕುವ ಮೊದಲೇ ಈ ಕೆಲಸ ಆಗಲಿ. ಬಾಯಿಗೆ ಕಹಿ ಬೀಜ ಸಿಕ್ಕಿದರೆ ನುಂಗದೆ ಉಗುಳಲು ಮಕ್ಕಳಿಗೆ ಹೇಳಿಕೊಡಿ. ಆರಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಉಬ್ಬಸ ಇರುವವರು ಆ ಕೆಲಸಕ್ಕೆ ಕೂರುವುದೇ ಬೇಡ. ತೆಗೆದ ಕಾಳನ್ನು ಕೋಳಿಗೂ ಹಾಕದೆ, ಕೆಲಸದವರಿಗೂ ಕೊಡದೆ, ಗುಂಡಿ ತೋಡಿ ಮಣ್ಣು ಮುಚ್ಚಿ.